ದಂಡಿಲ್ಲದವರ ದೂರು
(ಮೂಡಿಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಯುದ್ಧದಲ್ಲಿ ಯಾರ ಕಡೆಗೂ ಸೇರದ ಒಂದು ಸಣ್ಣ ದೇಶ, ಸಾಯುತ್ತಿರುವ ಜನಸಾಮಾನ್ಯರ ಪರವಾಗಿ ಬಾಯಿಬಿಟ್ಟರೆ ಏನಾಗುತ್ತದೆ? ನನಗೆ ಒಪ್ಪಿಸಿದ ವಿಷಯ ಇದು. ದಿನಾ ಪೇಪರ್ ಓದುವವರು ಏನೂ ಆಗುವುದಿಲ್ಲ ಎಂದು ತಕ್ಷಣ ಹೇಳಿಬಿಡುತ್ತಾರೆ. ಐರ್ಲೆಂಡ್ ಮಾತಾಡಿತು, ಆಸ್ಟ್ರಿಯಾ ಮಾತಾಡಿತು, ಬಾಂಬು ಬೀಳುವುದು ನಿಂತಿತೇ ಎನ್ನುತ್ತಾರೆ. ನಿಲ್ಲಲಿಲ್ಲ, ಒಪ್ಪಿದೆ. ಆದರೆ ಏನೂ ಆಗುವುದಿಲ್ಲ ಎನ್ನುವುದೂ ಸುಳ್ಳು. ಸ್ವಲ್ಪ ಆಗುತ್ತದೆ. ಆ ಸ್ವಲ್ಪ ಎಂಥದ್ದು, ಅದನ್ನು ಗಿಟ್ಟಿಸಿಕೊಳ್ಳಲು ಸಣ್ಣವರು ಏನು ತೆರಬೇಕಾಗುತ್ತದೆ ಎನ್ನುವುದನ್ನು ನೋಡಬೇಕು.

ಅದಕ್ಕೆ ಜಿನೀವಾದಿಂದ ಶುರು ಮಾಡುವುದು ವಾಡಿಕೆ. ನಾನು ಜಿನೀವಾಕ್ಕೂ ಬರುತ್ತೇನೆ, ಆದರೆ ಮೊದಲು ಶೃಂಗೇರಿಗೆ ಹೋಗಿ ಬರೋಣ. ನಮ್ಮ ಜಿಲ್ಲೆಯಲ್ಲೇ ಇರುವ ಪ್ರಕರಣವನ್ನು ಬಿಟ್ಟು ಆಲ್ಪ್ಸ್ ಹತ್ತುವ ಅಗತ್ಯ ಕಾಣುವುದಿಲ್ಲ.

ಶೃಂಗೇರಿಯನ್ನು ನಾವು ಮಠ ಎಂದಷ್ಟೇ ನೋಡುತ್ತೇವೆ. ಹದಿನೆಂಟನೆಯ ಶತಮಾನದ ಕಣ್ಣಿನಲ್ಲಿ ಅದು ಮಠವೂ ಹೌದು, ಒಂದು ಪುಟ್ಟ ಸಂಸ್ಥಾನವೂ ಹೌದು. 1346ರಲ್ಲಿ ಹರಿಹರ ಮತ್ತು ಅವನ ತಮ್ಮಂದಿರು ಭಾರತೀತೀರ್ಥರಿಗೆ ಭೂಮಿ ಬಿಟ್ಟುಕೊಟ್ಟಾಗಿನಿಂದ ಅದಕ್ಕೆ ತನ್ನದೇ ನೆಲ, ತನ್ನದೇ ಒಕ್ಕಲು, ತನ್ನದೇ ಕಂದಾಯ ಇದ್ದವು. ಮೈಸೂರು ಸಂಸ್ಥಾನದ ಕಾಲದ ಗೆಜೆಟಿಯರ್ ಪ್ರಕಾರ ಜಹಗೀರಿನ ವಿಸ್ತೀರ್ಣ 44 ಚದರ ಮೈಲಿ. ವಿಜಯನಗರ ಹೋಯಿತು, ಕೆಳದಿ ಬಂತು. ಕೆಳದಿ ಹೋಯಿತು, ಹೈದರ್ ಬಂದ. ದೊರೆ ಬದಲಾದಾಗಲೆಲ್ಲ ಹೊಸಬನೂ ಹಳೆಯ ಸನ್ನದಿಗೆ ಮುದ್ರೆ ಒತ್ತಿದ. ಶೃಂಗೇರಿಗೆ ದಂಡಿರಲಿಲ್ಲ. ಅದರ ರಕ್ಷಣೆಯೆಲ್ಲ ಇದ್ದದ್ದು ಒಂದೇ ಸಂಗತಿಯಲ್ಲಿ. ಅದಕ್ಕೆ ನಡೆದುಕೊಳ್ಳುವವರು ಮೈಸೂರಲ್ಲೂ ಇದ್ದರು, ಪುಣೆಯಲ್ಲೂ ಇದ್ದರು, ನಿಜಾಮನ ಸೀಮೆಯಲ್ಲೂ ಇದ್ದರು. ಪುಣೆಯ ಮರಾಠ ನಾಯಕ ರಘುನಾಥರಾಯ ಶೃಂಗೇರಿಯ ಸ್ವಾಮಿಗಳನ್ನು ಆಹ್ವಾನಿಸಿದಾಗ, ಮರಾಠರೊಂದಿಗೆ ಹೊಡೆದಾಡುತ್ತಿದ್ದ ಹೈದರ್ ಅಲಿ ಪ್ರಯಾಣಕ್ಕೆಂದು ಆನೆ, ಕುದುರೆ, ಪಲ್ಲಕ್ಕಿ ಕಳಿಸಿಕೊಟ್ಟ. ಶತ್ರುವಿನ ಊರಿಗೆ ಹೊರಟವರಿಗೆ ದೊರೆಯೇ ಖರ್ಚು ಕೊಡುವುದೆಂದರೆ, ಅದಕ್ಕಿಂತ ದೊಡ್ಡ ರಹದಾರಿ ಇನ್ನೇನು ಬೇಕು?

ಅಂಥ ಜಾಗ 1791ರಲ್ಲಿ ಲೂಟಿಯಾಯಿತು.

ಮೂರನೆಯ ಮೈಸೂರು ಯುದ್ಧದ ಕಾಲ. ಟಿಪ್ಪುವಿನ ಮೇಲೆ ಇಂಗ್ಲಿಷರು, ನಿಜಾಮ, ಮರಾಠರು ಮೂವರೂ ಸೇರಿ ಬಿದ್ದಿದ್ದರು. ಮಾರ್ಚಿನಲ್ಲಿ ಬೆಂಗಳೂರು ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನ ಕೈಸೇರಿತು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಮೇಲೆ ಏಪ್ರಿಲ್ ಹೊತ್ತಿಗೆ ಧಾರವಾಡದ ಕೋಟೆ ಮರಾಠ ಸರದಾರ ಪರಶುರಾಮ ಭಾವು ಪಟವರ್ಧನನಿಗೆ ಸಿಕ್ಕಿತು. ಅಲ್ಲಿಂದ ಅವನ ದಂಡು ದಕ್ಷಿಣಕ್ಕೆ ತಿರುಗಿತು. ಆ ಕಡೆಯ ಸವಾರರ ಒಂದು ತಂಡ ಘಟ್ಟದ ಸೆರಗಿಗೆ ನುಗ್ಗಿ ಶೃಂಗೇರಿಯ ಮೇಲೆ ಬಿತ್ತು. ಬ್ರಾಹ್ಮಣರೂ ಇತರರೂ ಸತ್ತರು. ಶಾರದೆಯ ಮೂರ್ತಿಯನ್ನು ಕಿತ್ತರು. ಮಠದಲ್ಲಿದ್ದ ಬದುಕೆಲ್ಲ ಹೋಯಿತು. ಪೀಠದಲ್ಲಿದ್ದ ಸಚ್ಚಿದಾನಂದ ಭಾರತಿಗಳು ನಾಲ್ಕು ಜನ ಶಿಷ್ಯರೊಂದಿಗೆ ಘಟ್ಟ ಇಳಿದು ಕಾರ್ಕಳ ಸೇರಿದರು. ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಮಾಳ, ಬಜಗೋಳಿ ಎಂದು ಇವತ್ತು ಬಸ್ಸಿನಲ್ಲಿ ಕೂತು ಇಳಿಯುವ ನಮಗೆ ಆ ಕಾಡು ಬರೀ ತಿರುವುಗಳಾಗಿ ಕಾಣುತ್ತದೆ. ಆಗ ಅದರಲ್ಲಿ ಕಾಲುದಾರಿ, ಎತ್ತಿನ ಜಾಡು, ಹುಲಿ.

ಕಾರ್ಕಳದಲ್ಲಿ ಕೂತು ಸ್ವಾಮಿಗಳು ಟಿಪ್ಪುವಿಗೆ ಕಾಗದ ಬರೆದರು. ಅದಕ್ಕೆ ಟಿಪ್ಪು ಬರೆದ ಉತ್ತರ ಕನ್ನಡದಲ್ಲಿದೆ. 1916ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ ಮಠದಲ್ಲಿ ಇಂಥ ಕಾಗದಗಳ ಒಂದು ಕಟ್ಟನ್ನು ಕಂಡು ಹೊರತಂದರು. ಆಗಿನ ರಿವಾಜಿನಂತೆ ಉತ್ತರದ ಮೊದಲಿಗೆ, ನಿಮ್ಮ ಕಾಗದದಿಂದ ಇಂತಿಂಥದ್ದು ತಿಳಿಯಿತು ಎಂದು ಬಂದ ದೂರಿನ ಸಾರವನ್ನು ಮತ್ತೆ ಬರೆಯುತ್ತಿದ್ದರು. ಹಾಗಾಗಿ ದೂರು ಏನಿತ್ತೆಂದು ಉತ್ತರದಿಂದಲೇ ಗೊತ್ತಾಗುತ್ತದೆ. ಸವಾರರು ಬಂದದ್ದು, ಜನರನ್ನು ಕೊಂದದ್ದು, ಮೂರ್ತಿ ಕಿತ್ತದ್ದು, ಆಸ್ತಿ ಒಯ್ದದ್ದು, ತಾವು ಎಲ್ಲಿದ್ದೇವೆ ಎನ್ನುವುದು. ಮತ್ತೆ ಪ್ರತಿಷ್ಠೆ ಮಾಡಬೇಕು, ಸರ್ಕಾರದ ನೆರವು ಬೇಕು. ನಡೆದದ್ದೇನು, ಬೇಕಾದದ್ದೇನು, ಎರಡೇ. ಇಂಥ ಹೊತ್ತಿನಲ್ಲಿ ದುಃಖ ತೋಡಿಕೊಳ್ಳುವುದಕ್ಕಿಂತ ಹೀಗೆ ಪಟ್ಟಿ ಮಾಡುವುದಕ್ಕೆ ಹೆಚ್ಚು ಎದೆ ಬೇಕು ಎಂದು ನನ್ನ ಅನಿಸಿಕೆ.

ಟಿಪ್ಪು ಕೆರಳಿದ. ಇಂಥ ಪುಣ್ಯಸ್ಥಳಕ್ಕೆ ಕೈಹಾಕಿದವರು ಬೇಗನೆ ಫಲ ಉಣ್ಣುತ್ತಾರೆ ಎಂದು ಬರೆದ. ನಗರ ಸೀಮೆಯ ಅಧಿಕಾರಿಯಾದ ಅಸಫನಿಗೆ 200 ರಾಹತಿ ನಗದು, 200 ರಾಹತಿಯ ಬೆಲೆಯ ದವಸ ಕೊಡುವಂತೆ ಹುಕುಂ ಹೋಯಿತು. ರಾಹತಿ ಎಂದರೆ ಟಿಪ್ಪು ತನ್ನ ಚಿನ್ನದ ಹಣಕ್ಕೆ ಇಟ್ಟ ಹೆಸರು. ಹತ್ತು ಹಣಕ್ಕೆ ಒಂದು ವರಹದ ಲೆಕ್ಕ ಹಿಡಿದರೆ ನಗದು ಇಪ್ಪತ್ತು ವರಹ. ದೊಡ್ಡ ಮೊತ್ತವೇನಲ್ಲ. ಯುದ್ಧ ಸೋಲುತ್ತಿದ್ದ ದೊರೆ ಕೊಟ್ಟದ್ದು ಅಷ್ಟು. ಆದರೆ ದವಸ ಬಂತು, ಪೂಜೆ ಮತ್ತೆ ಶುರುವಾಯಿತು, ಸ್ವಾಮಿಗಳು ಘಟ್ಟ ಹತ್ತಿ ವಾಪಸಾದರು. ನಾನು ಮೊದಲು ಹೇಳಿದ 'ಸ್ವಲ್ಪ' ಇದು.

ಇಲ್ಲಿಗೆ ಕಥೆ ಮುಗಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಹಿಂದೂ ದೊರೆಯ ದಂಡು ದೋಚಿತು, ಮುಸ್ಲಿಂ ದೊರೆ ಕಟ್ಟಿಕೊಟ್ಟ ಎಂದು ಒಬ್ಬರು ಹೇಳುತ್ತಾರೆ. ಸೋಲಿನ ಭಯಕ್ಕೆ ಜಪ ಮಾಡಿಸಿಕೊಂಡ ಅಷ್ಟೆ ಎಂದು ಇನ್ನೊಬ್ಬರು. ಟಿಪ್ಪು ಜಯಂತಿಯ ಜಗಳ ಎದ್ದಾಗಲೆಲ್ಲ ಈ ಕಾಗದಗಳನ್ನು ಇಬ್ಬರೂ ಝಳಪಿಸುತ್ತಾರೆ. ಇಬ್ಬರ ಮಾತಿನಲ್ಲೂ ತೂಗುವುದು ದೊರೆಯನ್ನೇ. ಅವನು ಒಳ್ಳೆಯವನೋ ಕೆಟ್ಟವನೋ ಎಂದು. ಶೃಂಗೇರಿಯಲ್ಲಿ ಸತ್ತವರು ಎಷ್ಟು ಜನ, ಯಾವ ಮನೆಯವರು, ಅಡಿಗೆಯವರೋ, ಒಕ್ಕಲುಗಳೋ, ಯಾತ್ರೆಗೆ ಬಂದವರೋ, ಯಾರೂ ಕೇಳುವುದಿಲ್ಲ.

ಜಪದ ವಿಷಯ ನಿಜ. ತನ್ನ ಮೂರು ಶತ್ರುಗಳ ನಾಶಕ್ಕಾಗಿ ಚಂಡೀಜಪ ಮಾಡಿಸಬೇಕೆಂದು ಟಿಪ್ಪು ಕೇಳಿಕೊಂಡ, ಮಠ ಮಾಡಿಸಿತು. ಹಾಗಾದರೆ ಶೃಂಗೇರಿ ಯಾರ ಕಡೆಗೂ ಸೇರದ ಜಾಗ ಹೇಗಾಯಿತು ಎಂದು ನೀವು ಕೇಳಬೇಕು. ಕೇಳಿದರೆ ಸರಿ. ಸಣ್ಣವರಿಗೆ ಪೂರ್ತಿ ಹೊರಗೆ ನಿಲ್ಲುವ ಜಾಗ ಯಾವ ಕಾಲದಲ್ಲೂ ಸಿಕ್ಕಿಲ್ಲ. ಯಾರ ನೆಲದಲ್ಲಿ ಕೂತಿದ್ದೇವೋ ಅವನಿಗೆ ಒಂದು ಜಪವನ್ನಾದರೂ ಸಲ್ಲಿಸಬೇಕು. ಸ್ವಿಟ್ಜರ್ಲೆಂಡಿನ ಅಲಿಪ್ತತೆಗೆ 1815ರಲ್ಲಿ ದೊಡ್ಡ ದೊರೆಗಳು ಸಹಿ ಹಾಕಿದ್ದು ಸ್ವಿಸ್ ಜನರ ಮೇಲಿನ ಪ್ರೀತಿಯಿಂದಲ್ಲ. ತಮ್ಮ ತಮ್ಮ ನಡುವೆ ಒಂದು ಅಂತರ ಇರಲಿ ಎಂದು. ಬೆಲ್ಜಿಯಮ್ಮಿಗೂ 1839ರಲ್ಲಿ ಹಾಗೇ ಸಹಿ ಹಾಕಿದ್ದರು. 1914ರ ಆಗಸ್ಟಿನಲ್ಲಿ ಜರ್ಮನ್ನರು ನುಗ್ಗಿದಾಗ ಆ ಸಹಿಯ ಬೆಲೆ ಏನೆಂದು ಗೊತ್ತಾಯಿತು.

ಪುಣೆಯ ಕಡೆ ಏನಾಯಿತೆಂದು ಹೇಳದಿದ್ದರೆ ಅರ್ಧ ಮಾತಾಗುತ್ತದೆ. ಮೀರಜಿನ ವಾಸುದೇವ ಶಾಸ್ತ್ರಿ ಖರೆ ಎಂಬ ವಿದ್ವಾಂಸರು ಪಟವರ್ಧನ ಮನೆತನದ ಪತ್ರಗಳನ್ನು ಸಂಪುಟಗಟ್ಟಲೆ ಅಚ್ಚು ಹಾಕಿಸಿದ್ದಾರೆ. ಮರಾಠರ ಆ ಪತ್ರಗಳಲ್ಲಿ ಶೃಂಗೇರಿಯ ಲೂಟಿಯ ಮಾತು ಬರುತ್ತದೆ. ಮುಚ್ಚಿಟ್ಟಿಲ್ಲ, ಪೇಚಾಡಿಕೊಂಡಿದ್ದಾರೆ. ಆದರೆ ತಪ್ಪು ಯಾರದೆಂದರೆ ಲಮಾಣರದು, ಪಿಂಡಾರಿಗಳದು.

ಪಿಂಡಾರಿ ಎಂದರೆ ಸಂಬಳವಿಲ್ಲದ ಸವಾರ. ಕೊಳ್ಳೆಯೇ ಅವನ ಸಂಬಳ. ಅವನನ್ನು ದಂಡಿನ ಜೊತೆ ಇಟ್ಟುಕೊಂಡವರಿಗೆ ಇದು ಗೊತ್ತಿಲ್ಲದ ಗುಟ್ಟಲ್ಲ, ಇಟ್ಟುಕೊಂಡದ್ದೇ ಅದಕ್ಕೆ. ಲಮಾಣರು ಎತ್ತಿನ ಮೇಲೆ ದವಸ ಹೇರಿಕೊಂಡು ದಂಡಿನ ಹೊಟ್ಟೆ ತುಂಬಿಸುತ್ತಿದ್ದವರು. ಅವರಿಲ್ಲದೆ ಆ ಕಾಲದ ಯಾವ ದಂಡೂ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಗೆದ್ದರೆ ಕೀರ್ತಿ ಭಾವುವಿಗೆ, ಹೊಲಸಾದರೆ ಹೆಸರು ಲಮಾಣನಿಗೆ. ನಮ್ಮ ಸೈನಿಕರು ಅಲ್ಲ, ಯಾರೋ ಬಾಡಿಗೆಯವರು ಎನ್ನುವ ಮಾತನ್ನು ಇವತ್ತಿನ ಯುದ್ಧದ ಸುದ್ದಿಯಲ್ಲಿ ಕೇಳಿದಾಗಲೆಲ್ಲ ನನಗೆ ಆ ಮರಾಠಿ ಪತ್ರಗಳ ನೆನಪಾಗುತ್ತದೆ.

ಅದೇ ವರ್ಷದ ಮೇ ಕೊನೆಯಲ್ಲಿ ಮರಾಠರ ದಂಡು ಮೇಲುಕೋಟೆಯ ಹತ್ತಿರ ಕಾರ್ನ್‌ವಾಲಿಸನನ್ನು ಕೂಡಿಕೊಂಡಿತು. ಇಂಗ್ಲಿಷರ ಪಾಳೆಯದಲ್ಲಿ ಕಾಳಿಲ್ಲ, ಎತ್ತುಗಳು ಸತ್ತಿದ್ದವು, ಎಳೆಯಲಾಗದ ಫಿರಂಗಿಗಳನ್ನು ತಾವೇ ಒಡೆದು ಹಾಕಿದ್ದರು. ಮರಾಠರ ಬಜಾರಿನಲ್ಲಿ ಮಾತ್ರ ಎಲ್ಲವೂ ಇತ್ತು. ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಆ ಬಜಾರನ್ನು ವರ್ಣಿಸುತ್ತಾನೆ. ಕಾಶ್ಮೀರದ ಶಾಲು, ಬರ್ಮಿಂಗ್‌ಹ್ಯಾಮಿನ ಚಾಕು, ವಜ್ರ, ಕೊಂಕಣದ ಉಪ್ಪುಮೀನು. ಆ ಸಾಲಿನ ನಡುವೆ ಕೊಳ್ಳೆಯಾದ ಹಳ್ಳಿಯ ಬಡ ಹುಡುಗಿಯೊಬ್ಬಳ ಬೆಳ್ಳಿಯ ಓಲೆ. ವಿಲ್ಕ್ಸ್ ಮರಾಠರನ್ನು ಹಳಿಯಲೆಂದೇ ಬರೆದದ್ದು, ಅನುಮಾನವಿಲ್ಲ. ಆ ಬಜಾರಿನಲ್ಲಿ ಕೇಳಿದಷ್ಟು ದುಡ್ಡು ಕೊಟ್ಟು ಹೊಟ್ಟೆ ಹೊರೆದುಕೊಂಡವರು ಅವನ ಕಡೆಯವರೇ. ಆದರೂ ಆ ಓಲೆ ಅವನ ಕಣ್ಣಿಗೆ ಬಿತ್ತಲ್ಲ, ಅದಕ್ಕಾಗಿ ಅವನಿಗೆ ಒಂದು ಅಂಕ ಹೆಚ್ಚು ಕೊಡುತ್ತೇನೆ. ಯುದ್ಧದ ಪುಸ್ತಕಗಳಲ್ಲಿ ಫಿರಂಗಿಯ ಲೆಕ್ಕ ಸಿಗುತ್ತದೆ. ಓಲೆಯ ಲೆಕ್ಕ ಸಿಗುವುದಿಲ್ಲ.

ಮರಾಠರ ದಂಡು ತುಳಿದ ಧಾರವಾಡ ಸೀಮೆಯಲ್ಲಿ 1791–92ರಲ್ಲಿ ಮಳೆಯೂ ಕೈಕೊಟ್ಟು ಡೋಗಿ ಬರ ಬಂತು. ಹೂಳುವವರಿಲ್ಲದೆ ಹೊಲದಲ್ಲಿ ಬಿದ್ದ ತಲೆಬುರುಡೆಗಳಿಂದ ಅದಕ್ಕೆ ಆ ಹೆಸರು. ಆ ಬರದಲ್ಲಿ ಸತ್ತವರ ಪರವಾಗಿ ಕಾಗದ ಬರೆಯಲು ಒಂದು ಪೀಠವಿರಲಿಲ್ಲ. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದ ಕರಾವಳಿಯ ಕ್ರೈಸ್ತರಿಗೂ, ಮರುವರ್ಷದಿಂದ ಹಾಗೇ ನಡೆದ ಕೊಡಗಿನವರಿಗೂ ಇರಲಿಲ್ಲ. ಅವರನ್ನು ನಡೆಸಿದವನು ಶೃಂಗೇರಿಗಾಗಿ ಕೆರಳಿದ ಅದೇ ಟಿಪ್ಪು. ಪರರ ದಂಡಿನ ಪಾಪ ಕಾಣುವಷ್ಟು ಸ್ಪಷ್ಟವಾಗಿ ಯಾವ ದೊರೆಗೂ ತನ್ನ ದಂಡಿನ ಪಾಪ ಕಾಣುವುದಿಲ್ಲ. ದೂರು ಕೊಡುವ ಸಣ್ಣವರಿಗೆ ಇರುವ ಮೊದಲ ಅಪಾಯ ಇದು: ದೂರು ಹೋದ ಕಡೆ ಅದು ಆ ದೊರೆಯ ಆಯುಧವಾಗುತ್ತದೆ.

ಈಗ ಜಿನೀವಾ. ಅದಕ್ಕೂ ಕರ್ನಾಟಕದ ಬಾಗಿಲೇ ಇದೆ.

ನಮ್ಮ ಹಳೆಯ ತೋಟದ ಮನೆಗಳ ಹೆಂಚು ತಿರುಗಿಸಿ ನೋಡಿದರೆ ಬಾಸೆಲ್ ಮಿಶನ್ ಎಂಬ ಮುದ್ರೆ ಇನ್ನೂ ಕಾಣುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಅವರ ಹೆಂಚಿನ ಕಾರ್ಖಾನೆ ಶುರುವಾಯಿತು. ಮಿಶನ್ನಿನ ಮನೆ ಸ್ವಿಟ್ಜರ್ಲೆಂಡಿನ ಬಾಸೆಲ್. ಅದರಲ್ಲಿ ದುಡಿದವರು ಹೆಚ್ಚಿನವರು ಜರ್ಮನ್ನರು. 1914ರಲ್ಲಿ ಯುದ್ಧ ಹೊತ್ತಿಕೊಂಡಾಗ ಇಂಗ್ಲಿಷ್ ಸರ್ಕಾರ ಸ್ವಿಸ್ ವಿಳಾಸ ನೋಡಲಿಲ್ಲ, ಜರ್ಮನ್ ಹುಟ್ಟು ನೋಡಿತು. ನಿಘಂಟು ಬರೆದ, ಶಾಲೆ ಕಟ್ಟಿದ, ಹೆಂಚು ಸುಟ್ಟ ಸಂಸ್ಥೆಯ ಜನ ಶತ್ರುಗಳಾದರು. ಗಂಡಸರನ್ನು ಅಹಮದ್‌ನಗರಕ್ಕೆ ಒಯ್ದರು. ಬೆಳಗಾವಿ, ಬಳ್ಳಾರಿಗಳಲ್ಲೂ ಶಿಬಿರ ಎದ್ದವು. ಬೆಳಗಾವಿಯದು ಹೆಂಗಸರು, ಮಕ್ಕಳು, ಸಂಸಾರಸ್ಥರು ಇದ್ದ ಶಿಬಿರ. ಕಾರ್ಖಾನೆಗಳು ಕೈತಪ್ಪಿ ಯುದ್ಧದ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಸೆರೆಸಿಕ್ಕ ಸೈನಿಕನಿಗೆ ಆಗ ಒಂದಿಷ್ಟು ಕಾನೂನಿತ್ತು. ಸೆರೆಸಿಕ್ಕ ಹೆಂಗಸಿಗೆ, ಪಾದ್ರಿಗೆ, ವ್ಯಾಪಾರಿಗೆ ಇರಲಿಲ್ಲ. ಜಿನೀವಾದ ರೆಡ್‌ಕ್ರಾಸ್ ಸಮಿತಿಯೊಳಗೆ ಡಾಕ್ಟರ್ ಫ್ರೆಡರಿಕ್ ಫೆರಿಯೆರ್, ಕಾನೂನಿಲ್ಲದಿದ್ದರೆ ಏನಂತೆ ಎಂದು ಜನಸಾಮಾನ್ಯರಿಗಾಗಿಯೇ ಒಂದು ವಿಭಾಗ ತೆರೆದ. ಕಳೆದುಹೋದವರ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದಿಡುವ ಕೆಲಸ. ಯುದ್ಧ ಮುಗಿಯುವಷ್ಟರಲ್ಲಿ ಆ ಸಂಸ್ಥೆಯಲ್ಲಿ ಸುಮಾರು 70 ಲಕ್ಷ ಚೀಟಿಗಳಿದ್ದವು. ರಾಮಕೃಷ್ಣ, ವಿವೇಕಾನಂದರ ಚರಿತ್ರೆಗಳಿಂದ ನಮಗೆ ಪರಿಚಯವಾದ ಫ್ರೆಂಚ್ ಲೇಖಕ ರೊಮಾ ರೋಲಾ ಆ ವಿಭಾಗದಲ್ಲಿ ಕೂತು ತಿಂಗಳುಗಟ್ಟಲೆ ಕಾಗದಗಳಿಗೆ ಉತ್ತರ ಬರೆದ. ಯುದ್ಧ ಬೇಡ ಎಂದು ಅವನು ಬರೆದ ಲೇಖನಕ್ಕೆ ಫ್ರಾನ್ಸ್ ತುಂಬ ಉಗಿದರು. ಅವನ ಚೀಟಿಗಳಿಗೆ ಯಾರೂ ಉಗಿಯಲಿಲ್ಲ.

1917ರಲ್ಲಿ ಆ ಸಮಿತಿಯ ಮೂವರು, ಥೋರ್ಮೆಯರ್, ಶೋಖ್, ಡಾಕ್ಟರ್ ಬ್ಲಾಂಶೋ, ಭಾರತ ಮತ್ತು ಬರ್ಮಾದ ಶಿಬಿರಗಳನ್ನು ನೋಡಲು ಬಂದರು. ಬೆಳಗಾವಿಗೂ ಹೋದರು, ಬಳ್ಳಾರಿಗೂ ಹೋದರು. ಅವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಇಂಗ್ಲಿಷರು ಬೇಡ ಎಂದಿದ್ದರೆ ಹಡಗು ಹತ್ತುವ ಹಾಗೂ ಇರಲಿಲ್ಲ. ಮಾಡಿದ್ದು ಇಷ್ಟೆ: ಮಲಗುವ ಜಾಗ ಎಷ್ಟು, ಊಟ ಏನು, ನೀರು ಎಲ್ಲಿಂದ, ಕಕ್ಕಸು ಹೇಗಿದೆ, ಕಾಗದ ಬರುತ್ತದೆಯೇ, ಯಾರಿಗೆ ಏನು ದೂರಿದೆ ಎಂದು ಬರೆದುಕೊಂಡು ಅಚ್ಚು ಹಾಕಿಸಿದರು. ಓದಲು ಬೇಜಾರು ಹಿಡಿಸುವ ಜಾತಿಯ ವರದಿ. ಆದರೆ ಆ ಬೇಜಾರಿನಲ್ಲೇ ಅದರ ಶಕ್ತಿ ಇತ್ತು. ಬೆಳಗಾವಿಯಲ್ಲಿ ಜರ್ಮನ್ ಹೆಂಗಸಿಗೆ ಏನು ಊಟ ಸಿಗುತ್ತದೆಂದು ಬರ್ಲಿನ್ ಓದುತ್ತದೆ. ಜರ್ಮನಿಯಲ್ಲಿ ಸೆರೆಯಲ್ಲಿರುವ ಇಂಗ್ಲಿಷರಿಗೆ ಏನು ಸಿಗುತ್ತದೆಂದು ಲಂಡನ್ ಓದುತ್ತದೆ. ಇಬ್ಬರ ಮನೆಮಕ್ಕಳೂ ಇನ್ನೊಬ್ಬರ ಕೈಯಲ್ಲಿರುವುದರಿಂದ ಇಬ್ಬರೂ ತುಸು ಹದ್ದುಬಸ್ತಿನಲ್ಲಿ ಇರುತ್ತಾರೆ. ಶೃಂಗೇರಿಗೆ ಮೈಸೂರಲ್ಲೂ ಪುಣೆಯಲ್ಲೂ ನಡೆದುಕೊಳ್ಳುವವರಿದ್ದರು ಎಂದೆನಲ್ಲ, ಇದರ ಕಸುವೂ ಅದೇ. ದಂಡಿಲ್ಲದವರ ಮಾತು ಎರಡೂ ಪಾಳೆಯದಲ್ಲಿ ಕೇಳಿಸಿದರೆ ಮಾತ್ರ ಸ್ವಲ್ಪವಾದರೂ ನಡೆಯುತ್ತದೆ.

ಒಂದೇ ಕಡೆ ಸೆರೆ, ಒಂದೇ ಕಡೆ ಸಾವು ಇದ್ದಾಗ ಆ ಲೆಕ್ಕ ಮುರಿದು ಬೀಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಯೆಹೂದಿಗಳನ್ನು ರೈಲುಗಟ್ಟಲೆ ಸಾಗಿಸುತ್ತಿದ್ದ ಸುದ್ದಿ ಜಿನೀವಾಕ್ಕೆ ಮುಟ್ಟಿತ್ತು. 1942ರ ಅಕ್ಟೋಬರ್ 14ರಂದು ಸಮಿತಿ ಸಭೆ ಸೇರಿತು. ಜನಸಾಮಾನ್ಯರ ಮೇಲಿನ ಹಿಂಸೆಯನ್ನು ಖಂಡಿಸುವ ಬಹಿರಂಗ ಮನವಿಯ ಕರಡು ಮುಂದಿತ್ತು. 1914ರಲ್ಲಿ ಇದೇ ಸಂಸ್ಥೆಯ ಚೀಟಿಗಳ ನಡುವೆ ದುಡಿದಿದ್ದ ಮಾರ್ಗರೇಟ್ ಫ್ರಿಕ್-ಕ್ರಾಮರ್ ಮಾತಾಡಲೇಬೇಕು ಎಂದರು. ಸ್ವಿಸ್ ಸರ್ಕಾರದ ಮಂತ್ರಿ ಫಿಲಿಪ್ ಎಟ್ಟರ್ ಬೇಡ ಎಂದ. ಸುತ್ತ ನಾಲ್ಕೂ ಕಡೆ ಹಿಟ್ಲರನ ಬಲ. ಮನೆ ಉಳಿದರೆ ಸಾಕು ಎಂಬ ಲೆಕ್ಕ. ಮನವಿ ಹೊರಡಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಗಡಿ ದಾಟಿ ಬರುತ್ತಿದ್ದ ನಿರಾಶ್ರಿತರಿಗೆ ಸ್ವಿಟ್ಜರ್ಲೆಂಡ್ ಬಾಗಿಲನ್ನೂ ಹಾಕಿಕೊಂಡಿತ್ತು. ಗುಟ್ಟಾಗಿ ಕೆಲಸ ಮಾಡುತ್ತೇವೆ, ಬಾಯಿಬಿಟ್ಟರೆ ಇದ್ದದ್ದೂ ಕೆಡುತ್ತದೆ ಎನ್ನುವ ವಾದ ಎಷ್ಟೋ ಕಡೆ ನ್ಯಾಯವಾದದ್ದೇ. ಅಂದು ಅಲ್ಲ. ಕೆಡಲು ಇನ್ನೇನೂ ಉಳಿದಿರಲಿಲ್ಲ.

ಜನಸಾಮಾನ್ಯರ ರಕ್ಷಣೆಯ ಜಿನೀವಾ ಒಪ್ಪಂದ ಬಂದದ್ದು 1949ರ ಆಗಸ್ಟ್ 12ಕ್ಕೆ. ಫೆರಿಯೆರ್ ಚೀಟಿ ಬರೆಯಲು ಶುರುಮಾಡಿದ 35 ವರ್ಷಕ್ಕೆ, ಕೋಟಿಗಟ್ಟಲೆ ಜನ ಸತ್ತ ಮೇಲೆ.

ಅದಕ್ಕೂ ಕೆಲವೇ ತಿಂಗಳ ಹಿಂದೆ, 1948ರ ಡಿಸೆಂಬರ್ 1ರಂದು, ನಮ್ಮ ಹಾಗೇ ಕಾಫಿ ಬೆಳೆಯುವ ಕೋಸ್ಟರಿಕ ತನ್ನ ಸೈನ್ಯವನ್ನೇ ರದ್ದು ಮಾಡಿತು. ಮಾಡಿದವನು ಹೋಸೆ ಫಿಗೆರೆಸ್. ಬೆಟ್ಟದ ಮೇಲೆ ನಾರಿನ ಬೆಳೆ, ಕಾಫಿ ಮಾಡಿಕೊಂಡಿದ್ದ ತೋಟಗಾರ. ಸುತ್ತಿಗೆ ತೆಗೆದುಕೊಂಡು ಕೋಟೆಯ ಗೋಡೆಗೆ ಹೊಡೆದ. ಆ ಕೋಟೆ ಈಗ ಮ್ಯೂಸಿಯಂ. ಅದಕ್ಕೆ ಮೊದಲು ಅಂತರ್ಯುದ್ಧ ಗೆದ್ದು ಬಂದವನು ಎನ್ನುವುದನ್ನು ಮರೆಯದೆ ಹೇಳಬೇಕು, ಸಾಧುವೇನಲ್ಲ. 2017ರಲ್ಲಿ ಅಣ್ವಸ್ತ್ರ ನಿಷೇಧದ ಒಪ್ಪಂದ ವಿಶ್ವಸಂಸ್ಥೆಯಲ್ಲಿ ತಯಾರಾದಾಗ ಆ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದು ಕೋಸ್ಟರಿಕದ ಹೆಣ್ಣುಮಗಳು, ಎಲೇನ್ ವೈಟ್ ಗೋಮೆಸ್. ಬಾಂಬು ಇರುವ ಯಾವ ದೇಶವೂ ಆ ಕಡೆ ತಲೆ ಹಾಕಲಿಲ್ಲ. ನಮ್ಮದೂ ಹಾಕಲಿಲ್ಲ. 2008ರ ಮೇ ತಿಂಗಳಲ್ಲಿ ಡಬ್ಲಿನ್ನಿನಲ್ಲಿ ಗೊಂಚಲು ಬಾಂಬುಗಳ ನಿಷೇಧ ಒಪ್ಪಂದವಾಯಿತು. ಅದಕ್ಕೂ ಭಾರತ ಸೇರಿಲ್ಲ. ಸೇರಿದ್ದ ಪುಟ್ಟ ಲಿಥುವೇನಿಯ 2025ರಲ್ಲಿ ಹೊರಬಂತು. ಪಕ್ಕದ ರಷ್ಯಾದ ಭಯಕ್ಕೆ. ಅದನ್ನು ಬೈಯಲು ನನಗೆ ನಾಲಿಗೆ ಏಳುವುದಿಲ್ಲ. ಮನೆಯ ಬೇಲಿಯಾಚೆ ಫಿರಂಗಿ ನಿಂತಾಗ ಎಲ್ಲರಿಂದಲೂ ಕೋಸ್ಟರಿಕ ಆಗಲು ಸಾಧ್ಯವಿಲ್ಲ.

ಈ ದತ್ತಿ ಇಟ್ಟವರ ಮನೆಯವರೂ, ಇಲ್ಲಿ ಕೂತಿರುವ ಕಾಲೇಜಿನ ಮಕ್ಕಳೂ ಇರುವುದರಿಂದ ಒಂದು ಕೆಲಸದ ಮಾತು ಹೇಳಿ ಕೂರುತ್ತೇನೆ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ವರ್ಷಗಟ್ಟಲೆ ಕೂತು ಓದಿ ಅಚ್ಚಿಗೆ ತಂದಿದ್ದಾರೆ. ಅವು ಮಠದ ಲೆಕ್ಕ. ಒಕ್ಕಲು ಮನೆಗಳ ಲೆಕ್ಕ ಬೇರೆ. ಕಿಗ್ಗ, ಕೆರೆಕಟ್ಟೆ, ಕಳಸ, ಘಟ್ಟದ ಕೆಳಗೆ ಮಾಳ, ಕಾರ್ಕಳದ ಹಳೆ ಮನೆಗಳ ಅಟ್ಟದಲ್ಲಿ ಕಪ್ಪು ಬಟ್ಟೆಯ ಕಡತ, ಓಲೆಗರಿ, ಕಂದಾಯದ ಚೀಟಿ ಇನ್ನೂ ಬಿದ್ದಿರುತ್ತವೆ. ಮನೆ ರಿಪೇರಿ ಆಗುವಾಗ ಅವು ಸೀದಾ ಬಚ್ಚಲ ಒಲೆಗೆ ಹೋಗುತ್ತವೆ. ವಿರೋಧಿಕೃತು ಸಂವತ್ಸರದ್ದು, ಅಂದರೆ 1791–92ರದ್ದು, ಏನಾದರೂ ಕಂಡರೆ ಒಲೆಗೆ ಹಾಕಬೇಡಿ. ಆ ವರ್ಷ ಯಾವ ಜಮೀನು ಹಡಿಲು ಬಿತ್ತು, ಯಾವ ಮನೆಯ ಕಂದಾಯ ಮಾಫಿಯಾಯಿತು, ಯಾವ ಹೆಸರು ಪಟ್ಟಿಯಿಂದ ಇದ್ದಕ್ಕಿದ್ದಂತೆ ಬಿಟ್ಟುಹೋಯಿತು ಎಂದು ನೋಡಬೇಕು. ಮೊಬೈಲಿನಲ್ಲಿ ಪುಟಪುಟವೂ ಫೋಟೋ ತೆಗೆದು ನಿಮ್ಮ ಇತಿಹಾಸದ ಮೇಷ್ಟ್ರಿಗೆ ಕೊಡಿ. ಮೂಲವನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಮೋಡಿ ಅಕ್ಷರವಿದ್ದರೆ ಓದುವವರನ್ನು ಹುಡುಕುವುದು ಅವರಿಗೆ ಬಿಟ್ಟದ್ದು.

ಪ್ರಶ್ನೆಗಳಿದ್ದರೆ ಕೇಳಿ. ಕಳಸದ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆ.